ಬಾಡಿಗೆಯಿಲ್ಲದ ಮನೆ ಮತ್ತು ಕಲಿತ ಮಕ್ಕಳು

ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೌಕರಿ ಹಿಡಿಯುವ ತರುಣನು ಸಂಬಳದ ಅಂಕಿಯನ್ನು ಮಾತ್ರ ನೋಡತಕ್ಕದ್ದಲ್ಲ. ಮನೆಬಾಡಿಗೆ, ಠೇವಣಿ, ಹಾಲು, ಕಾಳುಕಡಿಗಳ ವೆಚ್ಚವನ್ನು ಕಳೆದು ಉಳಿಯುವದೇ ನಿಜವಾದ ಗಳಿಕೆಯು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಶಿಗ್ಗಾಂವಿಯವನು ಸ್ವಂತ ಮನೆಯಲ್ಲಿದ್ದುಕೊಂಡೇ ಹುಬ್ಬಳ್ಳಿಯ ಕೆಲಸಕ್ಕೆ ಹೋಗಿಬರಬಹುದು. ಸವಣೂರು ತಾಲೂಕಿನವರಿಗೆ ಯಲವಿಗಿಯ ರೈಲು ನಿಲ್ದಾಣವುಂಟು. ರೈಲುದಾರಿಯಿಲ್ಲದ ಹಾನಗಲ್ಲ, ಹಿರೇಕೆರೂರು ಪಟ್ಟಣಗಳವರಿಗೆ ಇಂಥ ನಿತ್ಯದ ಓಡಾಟವು ಕಷ್ಟವೇ ಸರಿ.

ಆದರೆ ಬಾಡಿಗೆಯಿಲ್ಲದ ಮನೆಯೊಂದೇ ತರುಣನನ್ನು ಊರಲ್ಲಿ ನಿಲ್ಲಿಸಲಾರದು. ಕಲಿತ ಮಗನು ಬೀಜ ಗೊಬ್ಬರದ ಹಣಕ್ಕೂ ತಂದೆಯ ಮುಂದೆ ಕೈಯೊಡ್ಡಬೇಕಾದರೆ, ಅವನಿಗೆ ನಗರದ ಇಕ್ಕಟ್ಟಾದ ಕೋಣೆಯೇ ಹಿತವೆನಿಸುವದು ಸಹಜ. ಆದುದರಿಂದ ಗೌಡರೂ ಜಮೀನುದಾರರೂ ಮಕ್ಕಳಿಗೆ ಮಲಗಲು ಮನೆಯನ್ನಷ್ಟೇ ಕೊಟ್ಟರೆ ಸಾಲದು. ಮಾವಿನ ತೋಟದಲ್ಲಾಗಲಿ, ಗೋವಿನಜೋಳದ ಹೊಲದಲ್ಲಾಗಲಿ ಒಂದು ಪಾಲಿನ ಒಕ್ಕಲುತನವನ್ನೂ ಅದರ ಜಮಾಖರ್ಚನ್ನೂ ಅವರ ವಶಕ್ಕೆ ಒಪ್ಪಿಸಬೇಕು. ಹಾಗಾದರೆ ಊರಲ್ಲಿರುವದೂ ಒಂದು ಉದ್ಯೋಗವೆನಿಸುವದು.