ಭೋಗವೋ, ಉಪಭೋಗವೋ?

ಶ್ರಾವಕನ ಗುಣವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಒಮ್ಮೆ ಅನುಭವಿಸಿ ಬಿಟ್ಟುಬಿಡುವಂಥದು ಭೋಗ, ಮತ್ತೆ ಮತ್ತೆ ಬಳಸುವಂಥದು ಉಪಭೋಗ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬಿಡಿಸಿ ಹೇಳಿದ್ದಾರೆ. ಉಣ್ಣುವ ಅನ್ನ ಭೋಗ, ಉಡುವ ಬಟ್ಟೆ ಉಪಭೋಗ. ಎರಡಕ್ಕೂ ಮಿತಿ ಹಾಕಿಕೊಳ್ಳುವುದೇ ವ್ರತ. ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯ ಪ್ಲಾಸ್ಟಿಕ್ ವ್ಯಾಪಾರ. ಅದನ್ನು ವ್ರತದ ಮಾತಿನಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಉಪಭೋಗಕ್ಕೆ ತಕ್ಕ ವಸ್ತುವನ್ನು ಭೋಗದ ವಸ್ತುವಿನಂತೆ ಮಾರಿದ್ದರಲ್ಲೇ ಪ್ಲಾಸ್ಟಿಕ್ಕಿನ ತೊಂದರೆಯ ಬೇರು ಇದೆ.

ನಮ್ಮ ಸಮಾಜದ ಎಷ್ಟೋ ಮನೆತನಗಳ ಅನ್ನ ಈ ವ್ಯಾಪಾರದಲ್ಲಿದೆ. ದಾನಾ, ಪೈಪು, ಚೀಲ, ಕವರು ಮಾರುವ ಬಂಧುಗಳು ಬೆಂಗಳೂರು, ಹುಬ್ಬಳ್ಳಿಗಳಲ್ಲೂ ಇದ್ದಾರೆ, ಕೊಯಮತ್ತೂರು, ತಿರುಪ್ಪೂರುಗಳಲ್ಲೂ ಇದ್ದಾರೆ. ಪ್ಲಾಸ್ಟಿಕ್ ಎಂದರೆ ಪಾಪ ಎಂದು ಒಂದೇ ಮಾತು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಬೇಕಾದವರಿಗೆ ಅದು ಉತ್ತರವಾಗದು.

ಕೊಯಮತ್ತೂರಿನ ದಕ್ಷಿಣಕ್ಕಿರುವ ಆನೈಮಲೈ ಸೀಮೆಯನ್ನೇ ನೋಡೋಣ. ಹೆಸರೇ ಹೇಳುವಂತೆ ಅದು ಆನೆಗಳ ಬೆಟ್ಟ. ಬೆಟ್ಟದ ಬುಡದಲ್ಲಿ ಪೊಳ್ಳಾಚಿ, ಆನೈಮಲೈ, ಉಡುಮಲೈಪೇಟೆಗಳ ತೆಂಗಿನ ತೋಟಗಳು. ಈ ತೋಟಗಳಲ್ಲಿ ಮರದ ಬುಡಕ್ಕೆ ಹನಿಹನಿಯಾಗಿ ನೀರು ಒಯ್ಯುವುದು ಪಾಲಿಥೀನ್ ಕೊಳವೆ. ಅದು ವರ್ಷಗಟ್ಟಲೆ ಬಾಳುತ್ತದೆ, ನೀರನ್ನೂ ಉಳಿಸುತ್ತದೆ. ಅಲ್ಲಿಂದ ಮೇಲೆ ಆಳಿಯಾರ್ ದಾಟಿ ವಾಲ್ಪಾರೈಗೆ 40 ಹೇರ್‌ಪಿನ್ ತಿರುವುಗಳ ದಾರಿ. ಆ ದಾರಿಯಲ್ಲಿ ಪ್ರವಾಸಿಗರು ಎಸೆಯುವ ತಿಂಡಿಯ ಕವರನ್ನು ಕೋತಿ, ಜಿಂಕೆಗಳು ಉಪ್ಪಿನ ರುಚಿಗೆ ನೆಕ್ಕುತ್ತವೆ, ನುಂಗುತ್ತವೆ. ಕೊಳವೆಯೂ ಕವರೂ ಒಂದೇ ಬಳ್ಳಿಯ ಕಾಯಿ. ಒಂದನ್ನು ರೈತ ಜೋಪಾನ ಮಾಡುತ್ತಾನೆ, ಇನ್ನೊಂದನ್ನು ಯಾರೂ ಮೂಸಿ ನೋಡುವುದಿಲ್ಲ. ಹೀಗೇಕೆ ಎಂದು ತಿಳಿಯಬೇಕಾದರೆ ಪ್ಲಾಸ್ಟಿಕ್ ತಯಾರಾಗುವ ಬಗೆಯನ್ನು ಸ್ವಲ್ಪ ಅರಿಯಬೇಕು.

ಕಚ್ಚಾ ಎಣ್ಣೆಯನ್ನು ಶುದ್ಧೀಕರಿಸುವಾಗ ಪೆಟ್ರೋಲು, ಡೀಸೆಲ್ಲುಗಳ ಜೊತೆಗೆ ನಾಫ್ತಾ ಎಂಬ ಹಗುರ ದ್ರವ ಸಿಗುತ್ತದೆ. ಅದನ್ನು ಹಬೆಯೊಡನೆ ಬೆರೆಸಿ ಸುಮಾರು 850 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಕ್ಷಣಾರ್ಧ ಹಾಯಿಸಿದರೆ ಅಣುಗಳು ಒಡೆದು ಎಥಿಲೀನ್, ಪ್ರೊಪಿಲೀನ್ ಅನಿಲಗಳಾಗುತ್ತವೆ. ಈ ಪುಟ್ಟ ಅಣುಗಳನ್ನು ಸರಪಳಿಯಂತೆ ಪೋಣಿಸಿದರೆ ಪಾಲಿಥೀನ್, ಪಾಲಿಪ್ರೊಪಿಲೀನ್. ಪೇಟೆಗೆ ಬರುವ ಅಕ್ಕಿಕಾಳಿನಂಥ ದಾನಾ ಇದೇ. ಪಾಲಿಥೀನ್ ಕಂಡುಬಂದದ್ದು 1933ರಲ್ಲಿ, ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಶಾಲೆಯಲ್ಲಿ, ಆಕಸ್ಮಿಕವಾಗಿ. ಆಗ ಅದಕ್ಕೆ ವಾತಾವರಣದ ಸಾವಿರ ಪಟ್ಟಿಗೂ ಮೀರಿದ ಒತ್ತಡ ಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದನ್ನು ರಾಡಾರಿನ ತಂತಿಗಳ ಹೊದಿಕೆಗೆ ಜತನದಿಂದ ಬಳಸಿದರು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲೇ ಅದನ್ನು ತಯಾರಿಸುವ ದಾರಿ ಕಂಡುಕೊಂಡ ಮೇಲೆ ದರ ಇಳಿಯತೊಡಗಿತು. 1960ರ ದಶಕದಲ್ಲಿ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ಇಂದಿನ ಹಿಡಿಕೆಯ ಕೈಚೀಲವನ್ನು ರೂಪಿಸಿದರು. ಅವರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಿದ್ದರೆಂದು ಅವರ ಮಗ ಹೇಳಿದ್ದಾರೆ. ಹುಟ್ಟಿಸಿದವರ ಕೈಯಲ್ಲಿ ಅದು ಉಪಭೋಗದ ವಸ್ತುವೇ ಆಗಿತ್ತು.

ಅದು ಭೋಗದ ವಸ್ತುವಾದದ್ದು ಅಗ್ಗವಾದ್ದರಿಂದ. ಅಗ್ಗವಾದದ್ದು ಕಾರ್ಖಾನೆಯ ಗಾತ್ರದಿಂದ. ನಮ್ಮ ಮಂಗಳೂರಿನ ಎಂ.ಆರ್.ಪಿ.ಎಲ್. 2015ರಲ್ಲಿ ಆರಂಭಿಸಿದ ಪಾಲಿಪ್ರೊಪಿಲೀನ್ ಘಟಕದ ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್. ಅಂದರೆ ದಿನಕ್ಕೆ ಸುಮಾರು 1,200 ಟನ್, ಹತ್ತು ಟನ್ನಿನ ಲಾರಿಗಳಾದರೆ 120. ಇಂಥ ಘಟಕಕ್ಕೆ ಹೂಡುವ ಬಂಡವಾಳ ಸಾವಿರಾರು ಕೋಟಿಯ ಲೆಕ್ಕದ್ದು. ನಿಲ್ಲಿಸಿದರೆ ನಷ್ಟ, ಆದ್ದರಿಂದ ಹಗಲಿರುಳು ಓಡಲೇಬೇಕು. ತಯಾರಾದ ಮಾಲು ಎಲ್ಲಿಯಾದರೂ ಖರ್ಚಾಗಲೇಬೇಕು. ದಾನಾ ತಯಾರಿಸುವವರು ಕೆಲವೇ ಕೆಲವರು, ಅದನ್ನು ಕರಗಿಸಿ ವಸ್ತು ಮಾಡುವವರು ಸಾವಿರಾರು ಸಣ್ಣ ಉದ್ಯಮಿಗಳು. ದರ ಕಟ್ಟುವುದು ಕಚ್ಚಾ ಎಣ್ಣೆಯ ಜಾಗತಿಕ ಪೇಟೆ. ನಮ್ಮ ಚಿಲ್ಲರೆ ವ್ಯಾಪಾರಿ ಈ ಸಾಲಿನ ಕೊನೆಯವನು, ನಿಷೇಧದ ಪೆಟ್ಟು ಬೀಳುವಾಗ ಮಾತ್ರ ಮೊದಲನೆಯವನು.

ಈಗ ಒಂದು ಅಂಗಡಿಯ ಲೆಕ್ಕ ಹಾಕೋಣ. 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಕವರನ್ನು 20 ಮೈಕ್ರಾನ್ ಹಾಳೆಯಲ್ಲಿ ಮಾಡಿದರೆ ತೂಕ ಸುಮಾರು 4.4 ಗ್ರಾಂ. ಒಂದು ಕಿಲೋಗೆ 225ಕ್ಕೂ ಹೆಚ್ಚು ಕವರು. ದಾನಾ ಕಿಲೋಗೆ 100 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕವರಿನ ಮಾಲಿಗೆ 44 ಪೈಸೆ. ಗಿರಾಕಿಗೆ ಪುಕ್ಕಟೆ ಕೊಟ್ಟರೂ ನಷ್ಟವೆನಿಸದು. ಅದೇ ಕವರು 120 ಮೈಕ್ರಾನ್ ಆದರೆ ತೂಕ 26 ಗ್ರಾಂ ಮೀರುತ್ತದೆ, ಮಾಲಿನ ಖರ್ಚು 2 ರೂಪಾಯಿ 65 ಪೈಸೆ. ಅದನ್ನು ಪುಕ್ಕಟೆ ಕೊಡುವ ಮುನ್ನ ಕೈ ಹಿಂಜರಿಯುತ್ತದೆ, ಕೊಂಡವನೂ ಎಸೆಯುವ ಮುನ್ನ ಯೋಚಿಸುತ್ತಾನೆ. ಕೇಂದ್ರ ಸರ್ಕಾರ ಕೈಚೀಲದ ಕನಿಷ್ಠ ದಪ್ಪವನ್ನು 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನಿಗೂ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗೂ ಏರಿಸಿದ್ದರ ಮರ್ಮ ಇದೇ.

ಚಿಂದಿ ಆಯುವವರ ಲೆಕ್ಕವೂ ತೂಕದ ಲೆಕ್ಕವೇ. ಒಂದು ಕಿಲೋ ಸೇರಿಸಲು 225 ಕೊಳಕು ಕವರುಗಳಿಗೆ ಯಾರು ಬಗ್ಗುತ್ತಾರೆ? ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ, ಅದು ಪಾಲಿಯೆಸ್ಟರ್ ನೂಲಾಗಿ ಮತ್ತೆ ಬರುತ್ತದೆ. ತೆಳು ಕವರಿಗೆ, ಪದರ ಪದರದ ತಿಂಡಿ ಪೊಟ್ಟಣಕ್ಕೆ ಕೊಳ್ಳುವವರು ವಿರಳ. ಮೇಲಾಗಿ ಎಣ್ಣೆಯ ದರ ಬಿದ್ದಾಗ ಹೊಸ ದಾನಾ ಅಗ್ಗವಾಗಿ, ಕರಗಿಸಿದ ಹಳೆಯ ದಾನಾ ಮಾರಾಟವಾಗದೆ ಉಳಿಯುತ್ತದೆ. ಹಾಗಾಗಿ ಆ ಕವರು ಚರಂಡಿಗೋ ಕಾಡಿಗೋ ಹೋಗುತ್ತದೆ. ಅದರ ಖರ್ಚು ಯಾರ ವಹಿಯಲ್ಲೂ ಬರೆದಿರುವುದಿಲ್ಲ.

ಆದರೂ ಆ ಖರ್ಚನ್ನು ಯಾರೋ ಭರಿಸುತ್ತಾರೆ. 2025ರ ಮೇ ತಿಂಗಳಲ್ಲಿ ಕೊಯಮತ್ತೂರಿನ ಮರುದಮಲೈ ಬುಡದಲ್ಲಿ ಒಂದು ಹೆಣ್ಣಾನೆ ಸತ್ತಿತು. ಮರಣೋತ್ತರ ಪರೀಕ್ಷೆಯಲ್ಲಿ ಗರ್ಭದಲ್ಲಿ ಮರಿ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕಂಡುಬಂದವು. ಸಾವಿಗೆ ಕಾಯಿಲೆಯ ಕಾರಣಗಳೂ ಇದ್ದವು. ಆದರೆ ಪಂಚೇಂದ್ರಿಯ ಜೀವಿಯೊಂದರ ಹೊಟ್ಟೆಗೆ ನಮ್ಮ ಪೇಟೆಯ ಮಾಲು ಹೋಗಿತ್ತೆಂಬುದು ನಿಜ. ನೆಲ ನೋಡಿ ನಡೆಯಬೇಕೆಂದು ಕಲಿತ ನಾವು ಇದನ್ನು ನೋಡದಿರುವುದು ಹೇಗೆ?

ಕಾನೂನೂ ಬಂದಿದೆ. ಕರ್ನಾಟಕದಲ್ಲಿ 2016ರಲ್ಲಿ, ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಾಯಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುಕೊಳವೆಗಳ ಮೇಲೆ ದೇಶವ್ಯಾಪಿ ನಿಷೇಧ. ಕದ್ದು ಮಾರಿದರೆ ಒಂದೆರಡು ಪೈಸೆ ಸಿಕ್ಕೀತು. ಜಫ್ತಿ, ದಂಡಗಳ ಜೊತೆಗೆ ಅಚೌರ್ಯವ್ರತಕ್ಕೂ ಭಂಗ. ಮಗನಿಗೆ ಅಂಗಡಿ ಒಪ್ಪಿಸುವಾಗ ಇಂಥ ದಾಸ್ತಾನನ್ನೂ ಒಪ್ಪಿಸಬೇಕೇ?

ಬದಲಿ ವಸ್ತುವೂ ತಾನಾಗಿ ನಿರ್ದೋಷಿಯಲ್ಲ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳಿಂದ ನೊಯ್ಯಲ್ ನದಿ ಕೆಟ್ಟು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅವನ್ನು ಮುಚ್ಚುವಂತೆ ಆದೇಶಿಸಿತ್ತು. ವಹಿಗೆ ಬಾರದಿದ್ದ ಖರ್ಚು ಒಂದು ದಿನ ಬಡ್ಡಿಸಮೇತ ವಹಿಗೇ ಬಂತು. ಬಟ್ಟೆಯ ಚೀಲವನ್ನೂ ಒಮ್ಮೆ ಬಳಸಿ ಎಸೆದರೆ ಅದೂ ಭೋಗವೇ.

ಹಾಗಾದರೆ ವ್ಯಾಪಾರಿ ಮಾಡಬೇಕಾದ್ದೇನು? ನಾವು ಸೂಚಿಸುವುದು ಒಂದೇ ಒರೆಗಲ್ಲು: ನಾನು ಮಾರುವ ಈ ವಸ್ತು ಗಿರಾಕಿಯ ಮನೆಯಲ್ಲಿ ಎಷ್ಟು ಕಾಲ ಕೆಲಸ ಮಾಡುತ್ತದೆ? ಹನಿ ನೀರಾವರಿ ಕೊಳವೆ, ನೀರಿನ ಟ್ಯಾಂಕು, ಬಕೆಟ್ಟು, ಕೊಡ ವರ್ಷಗಟ್ಟಲೆ ದುಡಿಯುತ್ತವೆ. ಹತ್ತು ನಿಮಿಷದ ಕವರಿನಿಂದ ಇಂಥ ಮಾಲಿನ ಕಡೆಗೆ ಬಂಡವಾಳವನ್ನು ಹಂತಹಂತವಾಗಿ ತಿರುಗಿಸಬಹುದು.

ಮನೆಯಲ್ಲೂ ಕೆಲಸವಿದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಸಂಪ್ರದಾಯದವರ ಪೂಜೆ, ಮೆರವಣಿಗೆಗಳಲ್ಲಿ ಸಣ್ಣ ಬಾಟಲಿಗಳ ರಾಶಿ ಬೀಳುವುದು ಶೋಭೆಯಲ್ಲ. ಸಮಾಜದ ಊಟಕ್ಕೆ ಸ್ಟೀಲಿನ ತಟ್ಟೆ ಲೋಟಗಳಿರಲಿ, ಇಲ್ಲವೇ ಬಾಳೆ, ಮುತ್ತುಗದ ಎಲೆ. ಮದುವೆಯಲ್ಲಿ ಹೆಸರು ಅಚ್ಚು ಹಾಕಿಸಿದ ಹಳದಿ ಬಟ್ಟೆಚೀಲ ಕೊಡುವುದು ತಮಿಳುನಾಡಿನ ಹಳೆಯ ರೂಢಿ. ಅಲ್ಲಿನ ಸರ್ಕಾರ 2021ರ ಡಿಸೆಂಬರಿನಲ್ಲಿ ಆ ‘ಮಂಜಪ್ಪೈ’ಯನ್ನು ಮತ್ತೆ ಬಳಕೆಗೆ ತರುವ ಚಳವಳಿ ಹೂಡಿತು. ನಮ್ಮ ಮದುವೆಗಳ ತಾಂಬೂಲದ ಚೀಲವೂ ಹಾಗೆ ಗಟ್ಟಿಯಾಗಿರಲಿ, ಹತ್ತು ವರ್ಷ ತರಕಾರಿ ತರಲಿ.

ಪರಿಮಾಣ ವ್ರತವೆಂದರೆ ಎಲ್ಲವನ್ನೂ ಬಿಡುವುದಲ್ಲ, ಎಷ್ಟು ಎಂದು ತಿಳಿಯುವುದು. ಮುಂದಿನ ದಶಲಕ್ಷಣ ಪರ್ವದೊಳಗೆ ಪ್ರತಿ ಅಂಗಡಿಯೂ ಪ್ರತಿ ಮನೆಯೂ ಒಂದೊಂದು ವಸ್ತುವನ್ನಾದರೂ ಭೋಗದ ಪಟ್ಟಿಯಿಂದ ಉಪಭೋಗದ ಪಟ್ಟಿಗೆ ವರ್ಗಾಯಿಸಲಿ ಎಂಬುದು ನಮ್ಮ ಬಿನ್ನಹ. ಜೈ ಜಿನೇಂದ್ರ.