ನಾಟಕ ಶಾಲೆಯ ಸರ್ಟಿಫಿಕೇಟು ನೋಡಿ ಸಿನಿಮಾದವರು ಕರೀತಾರಾ?

ಕಳೆದ ತಿಂಗಳು ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದೆ. ಇಲ್ಲಿ ಹೆದ್ದಾರಿ ಬದಿಯಲ್ಲಿ ಹೋಟೆಲ್ ನಡೆಸುವ, ನಮ್ಮ ಕಡೆಯವರೇ ಆದ ಹಾಜಿಯವರು ಕೈ ಹಿಡಿದು ಪಕ್ಕಕ್ಕೆ ಕರೆದರು. "ಉಸ್ತಾದರೇ, ಮಗ ನಾಟಕ ಕಲೀಲಿಕ್ಕೆ ಹೋಗ್ತಾನಂತೆ. ಆಮೇಲೆ ಸೀರಿಯಲ್, ಸಿನಿಮಾ ಅಂತಾನೆ. ನಿಮ್ಮ ಹತ್ರ ಓದಿದ ಹುಡುಗ, ನಿಮ್ಮ ಮಾತು ಕೇಳ್ತಾನೆ. ಸ್ವಲ್ಪ ಬುದ್ಧಿ ಹೇಳಿ" ಅಂದರು. ಅವರು ಹೇಳಿದ್ದು ಬ್ಯಾರಿಯಲ್ಲಿ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು.

ನಂಗಲಿಯಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಆಂಧ್ರದ ಗಡಿ ಇಲ್ಲೇ ಇದೆ. ಬೀದಿಯಲ್ಲಿ ತೆಲುಗು, ಮಸೀದಿ ಜಗಲಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮನೆಯೊಳಗೆ ಬ್ಯಾರಿ. ಈ ನಾಲ್ಕರಲ್ಲೂ ಜನರನ್ನು ನಗಿಸಬಲ್ಲ ಹುಡುಗ ಅವನು. ಹೋಟೆಲಿಗೆ ಬರುವ ಲಾರಿ ಡ್ರೈವರುಗಳ ಮಾತು, ನಡಿಗೆ ಎಲ್ಲ ಅನುಕರಿಸಿ ತೋರಿಸ್ತಾನೆ. (ನನ್ನದೂ ಮಾಡ್ತಾನಂತೆ. ಎದುರಿಗೆ ಮಾಡಿಲ್ಲ.) ಈ ವರ್ಷ ಎರಡನೇ ಪಿಯುಸಿ ಮುಗಿಸಿದ್ದಾನೆ.

ಬುದ್ಧಿ ಹೇಳಲಿಕ್ಕೆ ಅಂತ ಕೂರಿಸಿಕೊಂಡೆ. ಅವನೇ ನನ್ನನ್ನು ಕೇಳಿದ: "ಉಸ್ತಾದ್, ನಾಟಕದ ಕೋರ್ಸ್ ಮಾಡಿದ್ರೆ ಸಿನಿಮಾದಲ್ಲಿ ಕೆಲಸ ಸಿಗ್ತದಾ, ಇಲ್ವಾ? ನಿಜ ಹೇಳಿ." ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ "ಬೇಡ" ಅನ್ನುವುದು ಸುಲಭ, ನಾವು ದೊಡ್ಡವರು ಹೆಚ್ಚಾಗಿ ಮಾಡುವುದೂ ಅದನ್ನೇ. ವಿಚಾರಿಸಿ ಹೇಳ್ತೇನೆ ಅಂದೆ. ವಿಚಾರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಈ ಪ್ರಶ್ನೆ ಈಗ ಒಂದು ಮನೆಯದ್ದು ಮಾತ್ರ ಅಲ್ಲ. ಮೊಬೈಲಿನಲ್ಲಿ ರೀಲ್ಸ್ ಮಾಡದ ಹುಡುಗ ಯಾವ ಮನೆಯಲ್ಲಿದ್ದಾನೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಟನೆಯ ಬಗ್ಗೆ ದೀನಿನ ವಿಧಿ ಏನು ಎಂಬುದನ್ನು ಆಲಿಮರ ಮುಂದೆ ಕೂತು ಕೇಳಬೇಕು, ಪತ್ರಿಕೆಯ ಪುಟದಲ್ಲಿ ತೀರ್ಮಾನ ಮಾಡುವುದಲ್ಲ. ಆ ಹುಡುಗನಿಗೆ ಹೇಳಬೇಕಾದ್ದನ್ನು ನಾನು ಹೇಳಿದ್ದೇನೆ. ಇವತ್ತಿನ ಮಾತು ಹೊಟ್ಟೆಪಾಡಿನದ್ದು.

ನಮ್ಮ ರಾಜ್ಯದಲ್ಲಿ ನಾಟಕ ಕಲಿಯುವುದು ಅಂದರೆ ಮೊದಲು ಬರುವ ಹೆಸರು ನೀನಾಸಂ. ಸಾಗರ ತಾಲೂಕಿನ ಹೆಗ್ಗೋಡು ಎಂಬ ಅಡಿಕೆ ತೋಟಗಳ ಹಳ್ಳಿಯಲ್ಲಿ 1949ರಲ್ಲಿ ಊರವರು ಕಟ್ಟಿಕೊಂಡ ಸಂಘ ಅದು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅರ್ಜಿ ಕರೆದು, ಸಂದರ್ಶನ ಮಾಡಿ ಕೆಲವರನ್ನು ಮಾತ್ರ ಆರಿಸುತ್ತಾರೆ. ಅಲ್ಲೇ ಉಳಿದು ಕಲಿಯಬೇಕು. ಬೆಳಿಗ್ಗೆ ದೇಹಕ್ಕೆ ಕಸರತ್ತು, ಧ್ವನಿ, ಹಾಡು, ಪಾಠ, ಆಮೇಲೆ ನಾಟಕದ ತಾಲೀಮು. ನಮ್ಮ ದರ್ಸ್‌ನ ಮುತಅಲ್ಲಿಮರ ದಿನಚರಿ ನೆನಪಾಯಿತು ನನಗೆ.

ಅಲ್ಲಿಂದ ಬಂದವರು ತೆರೆಯ ಮೇಲೆ ಇದ್ದಾರಾ ಅಂದರೆ ಇದ್ದಾರೆ. ಅಚ್ಯುತ್ ಕುಮಾರ್ ಇಲ್ಲದ ಕನ್ನಡ ಸಿನಿಮಾ ಹುಡುಕುವುದೇ ಕಷ್ಟ ಎಂಬ ಕಾಲ ಇದು, ಅವರು ನೀನಾಸಂನಲ್ಲಿ ಕಲಿತವರು. ಮಂಡ್ಯ ಜಿಲ್ಲೆಯ ಹಳ್ಳಿಯಿಂದ ಹೋದ ಸತೀಶ್ ಅವರಂತೂ ಶಾಲೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಸತೀಶ್ ನೀನಾಸಂ ಆದರು. ಮೈಸೂರಿನ ರಂಗಾಯಣವನ್ನು ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದರು, ಅಲ್ಲಿಂದ ಬಂದ ರಂಗಾಯಣ ರಘು ಅವರದ್ದೂ ಹೆಸರಿನಲ್ಲೇ ವಿಳಾಸ ಉಂಟು. ಹುಡುಗ ಈ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ.

ಆದರೆ ಇನ್ನೊಂದು ಪಟ್ಟಿಯೂ ಇದೆ. ನಮ್ಮ ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಹೆಸರಿನಲ್ಲಿ 2018ರಲ್ಲಿ ದೇಶವೆಲ್ಲ ಓಡಿದ ‘ಕೆಜಿಎಫ್’ ಸಿನಿಮಾದ ಯಶ್ ಯಾವ ನಾಟಕ ಡಿಗ್ರಿಯನ್ನೂ ಮಾಡಿಲ್ಲ. ಬೆಂಗಳೂರಿನ ಬೆನಕ ತಂಡದಲ್ಲಿ ತೆರೆಯ ಹಿಂದಿನ ಕೆಲಸ ಮಾಡಿಕೊಂಡಿದ್ದು, ಧಾರಾವಾಹಿ ದಾಟಿ ಸಿನಿಮಾಕ್ಕೆ ಬಂದವರು. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ 2015ರಲ್ಲಿ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ಓದಿದ್ದು ಇಂಜಿನಿಯರಿಂಗ್, ನಟನೆ ಕಲಿತದ್ದು ಸಂಚಾರಿ ಎಂಬ ನಾಟಕ ತಂಡದಲ್ಲಿ. ಕುಂದಾಪುರ ಕಡೆಯ ರಿಷಬ್ ಶೆಟ್ಟಿ ಡಿಪ್ಲೊಮಾ ಮಾಡಿದ್ದು ಸಿನಿಮಾ ನಿರ್ದೇಶನದಲ್ಲಿ, 2024ರಲ್ಲಿ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು ನಟನೆಗೆ! ನಮ್ಮ ಭಾಷೆಯ ‘ಬ್ಯಾರಿ’ ಸಿನಿಮಾ, 2011ರ ಅತ್ಯುತ್ತಮ ಚಿತ್ರ ಅಂತ ಮರಾಠಿ ಚಿತ್ರವೊಂದರ ಜೊತೆ ರಾಷ್ಟ್ರಪ್ರಶಸ್ತಿ ಹಂಚಿಕೊಂಡದ್ದು ಎಲ್ಲರಿಗೂ ನೆನಪಿರಬಹುದು. ಅದರಲ್ಲಿ ನಟಿಸಿದ ಮಾಮುಕೋಯ ಕೋಝಿಕ್ಕೋಡಿನಲ್ಲಿ ಮರದ ದಿಮ್ಮಿ ಅಳೆಯುವ ಕೆಲಸ ಮಾಡುತ್ತಾ ಹವ್ಯಾಸಿ ನಾಟಕ ಆಡಿಕೊಂಡಿದ್ದವರು.

ಎರಡು ಪಟ್ಟಿಯನ್ನೂ ಮುಂದಿಟ್ಟುಕೊಂಡರೆ ನನಗೆ ಕಾಣುವುದು ಇಷ್ಟು. ಸರ್ಟಿಫಿಕೇಟು ಎಲ್ಲರ ಬಳಿ ಇಲ್ಲ, ಕಲಿಕೆ ಎಲ್ಲರ ಬಳಿಯೂ ಉಂಟು. ಒಬ್ಬರು ಶಾಲೆಯಲ್ಲಿ ಕಲಿತರು, ಇನ್ನೊಬ್ಬರು ತಂಡದಲ್ಲಿ ಕಸ ಗುಡಿಸುತ್ತಾ ಕಲಿತರು. ಶೂಟಿಂಗ್ ಜಾಗದಲ್ಲಿ ಯಾರೂ ಅಂಕಪಟ್ಟಿ ಕೇಳುವುದಿಲ್ಲ. ಹುಡುಗನಿಗೆ ನಾನು ಹೇಳಿದ್ದು ನನ್ನ ಕಸುಬಿನ ಉದಾಹರಣೆಯೇ: ತರಾವೀಹ್‌ಗೆ ಹೊಸ ಹಾಫಿಳ್ ಬಂದರೆ ಅವರು ಯಾವ ಕಾಲೇಜು ಅಂತ ಜಮಾಅತ್‌ನವರು ಕೇಳಬಹುದು, ಆದರೆ ಎರಡನೇ ರಕಅತ್ ಮುಗಿಯುವುದರೊಳಗೆ ಹಿಂದೆ ನಿಂತವರಿಗೆ ಎಲ್ಲ ಗೊತ್ತಾಗಿರುತ್ತದೆ. ಸನದು ಬಾಗಿಲ ತನಕ ಕರೆದುಕೊಂಡು ಬರುತ್ತದೆ, ಓದಬೇಕಾದ್ದು ನಾಲಿಗೆ.

ನಾಲಿಗೆಯ ಮಾತು ಬಂತು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಜ್ವೀದ್ ಕಲಿಸುವಾಗ ನಾವು ಮಖ್ರಜ್ ಅಂತೇವೆ: ಯಾವ ಅಕ್ಷರ ಗಂಟಲಿನ ಯಾವ ಜಾಗದಿಂದ, ನಾಲಿಗೆಯ ಯಾವ ತುದಿಯಿಂದ ಹೊರಡಬೇಕು ಅಂತ. ಮಕ್ಕಳು ವರ್ಷಗಟ್ಟಲೆ ತಿದ್ದಿಕೊಳ್ಳುತ್ತಾರೆ. ನಾಟಕ ಶಾಲೆಯ ಧ್ವನಿ ಪಾಠವೂ ಹೆಚ್ಚು ಕಡಿಮೆ ಇದೇ. ನಮ್ಮ ಗಡಿ ಊರಿನ ಹುಡುಗರ ಕನ್ನಡದಲ್ಲಿ ತೆಲುಗಿನ ರಾಗ ಇರುತ್ತದೆ, ಬ್ಯಾರಿ ಮನೆಯವರಾದರೆ ಅದೂ ಸೇರುತ್ತದೆ. ಅದು ತಪ್ಪಲ್ಲ, ಅಂಥ ಪಾತ್ರ ಬಂದರೆ ಅದೇ ಬಂಡವಾಳ. ಆದರೆ ಬೇಕಾದಾಗ ಮಾತ್ರ ಬರಬೇಕು, ಬೇಡವಾದಾಗ ನಿಲ್ಲಬೇಕು. ಅದಕ್ಕೆ ತಿದ್ದುವ ಉಸ್ತಾದ್ ಬೇಕು, ರೀಲ್ಸ್ ನೋಡಿದವರ ಲೈಕು ಸಾಲುವುದಿಲ್ಲ. ಇನ್ನೊಂದು ಲಾಭ ಜೊತೆಗಾರರದ್ದು. ಒಂದೇ ಚಾಪೆಯಲ್ಲಿ ಮಲಗಿ ಕಲಿತವರಲ್ಲಿ ಒಬ್ಬ ನಾಳೆ ನಿರ್ದೇಶಕ, ಇನ್ನೊಬ್ಬ ಸಂಭಾಷಣೆ ಬರೆಯುವವ ಆದರೆ ಅವನು ಕರೆಯುವುದು ತನಗೆ ಗೊತ್ತಿದ್ದವನನ್ನು. ನಂಗಲಿಯಲ್ಲಿ ಕೂತ ಹುಡುಗನಿಗೆ ಗಾಂಧಿನಗರದಲ್ಲಿ ಯಾರು ಗೊತ್ತು?

ಇಷ್ಟು ಹೇಳಿದ ಮೇಲೆ ಹಾಜಿಯವರ ಹೆದರಿಕೆಗೆ ಬರುತ್ತೇನೆ. ಅದು ಸುಳ್ಳು ಹೆದರಿಕೆ ಅಲ್ಲ.

ದೇಶದಲ್ಲಿ ನಾಟಕ ಕಲಿಸುವ ಅತಿ ದೊಡ್ಡ ಶಾಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ರಾಜಸ್ಥಾನದ ಟೋಂಕ್‌ನ ಇರ್ಫಾನ್ ಖಾನ್, ತಂದೆಯದ್ದು ಟಯರ್ ವ್ಯಾಪಾರ, ಅಲ್ಲಿಂದ ಹೊರಬಂದದ್ದು 1987ರಲ್ಲಿ. ಮರುವರ್ಷ ‘ಸಲಾಂ ಬಾಂಬೆ’ಯಲ್ಲಿ ಒಂದು ಚಿಕ್ಕ ಪಾತ್ರ. ಆಮೇಲೆ ಟಿವಿ ಧಾರಾವಾಹಿಗಳಲ್ಲೇ ವರ್ಷಗಳು ಕಳೆದವು. ಹಿಂದಿ ಸಿನಿಮಾದವರು ಅವರನ್ನು ಸರಿಯಾಗಿ ಗುರುತಿಸಿದ್ದು 2003ರ ‘ಹಾಸಿಲ್’ ಹೊತ್ತಿಗೆ. ಉತ್ತರಪ್ರದೇಶದ ರೈತರ ಮನೆಯ ನವಾಝುದ್ದೀನ್ ಸಿದ್ದೀಕಿ ಅದೇ ಶಾಲೆಯಿಂದ 1996ರಲ್ಲಿ ಬಂದವರು. 1999ರ ‘ಸರ್ಫರೋಶ್’ನಲ್ಲಿ ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಪಾತ್ರ, ಹೆಸರಾದದ್ದು 2012ರ ‘ಗ್ಯಾಂಗ್ಸ್ ಆಫ್ ವಾಸೇಪುರ್’ನಿಂದ. ಲೆಕ್ಕ ಹಾಕಿ ನೋಡಿ, ಇಬ್ಬರಿಗೂ ಹದಿನಾರು ವರ್ಷ. ಇವರು ಗೆದ್ದವರು, ಅದಕ್ಕೇ ಅವರ ವರ್ಷಗಳ ಲೆಕ್ಕ ನಮಗೆ ಸಿಗುತ್ತದೆ. ಅವರ ಜೊತೆ ಕಲಿತು ಮುಂಬೈ ಬಿಟ್ಟು ವಾಪಸ್ ಹೋದವರ ಲೆಕ್ಕ ಬರೆದವರು ಯಾರು?

ಹುಡುಗನಿಗೆ ಕೇಳಿದೆ: "ಹದಿನಾರು ವರ್ಷ ಬೇಡ, ಐದು ವರ್ಷ ಅಂತ ಇಟ್ಟುಕೋ. ಆ ಐದು ವರ್ಷ ಬೆಂಗಳೂರಿನಲ್ಲಿ ರೂಮಿನ ಬಾಡಿಗೆ ಯಾರು ಕೊಡ್ತಾರೆ?" ಅವನು ನೆಲ ನೋಡಿದ. ಈ ಪ್ರಶ್ನೆಗೆ ಉತ್ತರ ಇಲ್ಲದೆ ಹೋಗುವ ಹುಡುಗರೇ ಮೋಸದ ಬಾಯಿಗೆ ಬೀಳುವುದು. ನನ್ನ ಸಂಬಂಧಿಕರ ಹುಡುಗನೊಬ್ಬ ಹೀಗೇ ಬೆಂಗಳೂರಿನ ಒಂದು ನಟನಾ ತರಬೇತಿ ಸಂಸ್ಥೆಗೆ ಸೇರಿದ. ಮೂರು ತಿಂಗಳ ಕೋರ್ಸ್, ಕೊನೆಯಲ್ಲಿ ಸಿನಿಮಾದಲ್ಲಿ ಚಾನ್ಸ್ ಗ್ಯಾರಂಟಿ ಅಂತ ಹೇಳಿದ್ದರು. ಉಮ್ಮನ ಚಿನ್ನ ಅಡವಿಟ್ಟು ಫೀಸು ಕಟ್ಟಿದರು. ಫೋಟೋ ತೆಗೆದರು, ಡ್ಯಾನ್ಸ್ ಕಲಿಸಿದರು, ಸರ್ಟಿಫಿಕೇಟೂ ಕೊಟ್ಟರು. ಸಿಕ್ಕಿದ ಚಾನ್ಸ್ ಮದುವೆ ದೃಶ್ಯದ ಗುಂಪಿನಲ್ಲಿ ಊಟಕ್ಕೆ ಕೂರುವುದು, ಅದೂ ದಿನಗೂಲಿ. ಈಗ ಅವನು ಗಲ್ಫಿನಲ್ಲಿದ್ದಾನೆ. ಚಿನ್ನ ಬಿಡಿಸಿದ್ದು ಹೋದ ವರ್ಷ.

ಆದ್ದರಿಂದ ನನ್ನ ಅಭಿಪ್ರಾಯ ನೇರ ಇದೆ. ಸಾಲ ಮಾಡಿ, ಒಡವೆ ಇಟ್ಟು ಕಟ್ಟುವ ಫೀಸಿಗೆ ನಟನೆ ಕಲಿಯುವುದು ಬೇಡ. ಗ್ಯಾರಂಟಿ ಕೊಡುವ ಜಾಗ ಮೊದಲೇ ಬೇಡ. ನೀನಾಸಂನಂಥ ಕಡೆ ಒಂದು ವರ್ಷ ಕಲಿಯುವುದು ಬೇರೆ, ಅವರು ಸಿನಿಮಾದ ಆಸೆ ತೋರಿಸಿ ಕರೆಯುವವರಲ್ಲ. ಇನ್ನು ದೆಹಲಿಯ ಶಾಲೆಯ ಕನಸು ಇದ್ದರೆ ಗಮನಿಸಿ: ಅಲ್ಲಿಗೆ ಸೇರಲಿಕ್ಕೆ ಯಾವುದಾದರೂ ವಿಷಯದಲ್ಲಿ ಪದವಿ ಮುಗಿದಿರಬೇಕು, ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ ಉಂಟು. ಅಂದರೆ ಪಿಯುಸಿ ಮುಗಿಸಿದ ತಕ್ಷಣ ಓಡುವ ಅಗತ್ಯ ಇಲ್ಲ. ಮುಳಬಾಗಿಲಿನಲ್ಲೋ ಕೋಲಾರದಲ್ಲೋ ಬಿ.ಕಾಂ ಓದಲಿ. ಕೋಲಾರದ ಪಕ್ಕ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಅವರು ಗೆಳೆಯರ ಜೊತೆ ಕಟ್ಟಿದ ಆದಿಮ ಇದೆ. ಹುಣ್ಣಿಮೆ ರಾತ್ರಿಗಳಲ್ಲಿ ಹಾಡು, ನಾಟಕ ನಡೆದ ಜಾಗ ಅದು. ಈ ಹುಡುಗನಿಗೆ ಹುಚ್ಚು ಹಿಡಿದದ್ದೂ ಅಲ್ಲಿ ಒಂದು ನಾಟಕ ನೋಡಿಯೇ. ಅಂಥ ಕಡೆ ಓಡಾಡಲಿ, ಚಾಪೆ ಹಾಸಲಿ, ದೀಪ ಕಟ್ಟಲಿ. ಮೂರು ವರ್ಷದ ಮೇಲೂ ಹುಚ್ಚು ಇಳಿಯದಿದ್ದರೆ ಆಗ ಹೆಗ್ಗೋಡಿಗೋ ದೆಹಲಿಗೋ ಅರ್ಜಿ ಹಾಕಲಿ.

ಕಲಿತದ್ದು ಮುಖ ತೋರಿಸುವ ಕೆಲಸಕ್ಕೇ ಬರಬೇಕು ಅಂತಲೂ ಇಲ್ಲ. ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳು ಈಗ ಕನ್ನಡಕ್ಕೆ ಡಬ್ ಆಗುತ್ತವೆ, ಅಲ್ಲಿ ಬೇಕಾದ್ದು ಧ್ವನಿ ಮಾತ್ರ. ಕೆಲವು ಶಾಲೆಗಳಲ್ಲಿ ನಾಟಕದ ಮೇಷ್ಟ್ರುಗಳಿದ್ದಾರೆ. ಹುದ್ದೆ ತುಂಬ ಕಡಿಮೆ, ಆದರೆ ಡಿಗ್ರಿಯ ಕಾಗದವನ್ನು ನಿಜವಾಗಿ ಕೇಳಿ ನೋಡುವ ಕೆಲಸ ಇದೊಂದೇ ಇರಬೇಕು.

ಮನೆಯವರಿಗೂ ಒಂದು ಮಾತು ಹೇಳಿದ್ದೇನೆ. ಗಲ್ಫಿಗೆ ಹೋಗುವ ಮಗನಿಗೆ ವೀಸಾಕ್ಕೆ ಹಣ ಹೊಂದಿಸುತ್ತೇವೆ, ಮೊದಲ ಎರಡು ವರ್ಷ ಏನೂ ಕಳಿಸದಿದ್ದರೂ "ಅಲ್ಲಿ ಸೆಟ್ ಆಗ್ಲಿ" ಅಂತ ಸುಮ್ಮನಿರುತ್ತೇವೆ. ಅಂಗಡಿ ಇಟ್ಟು ಕೈ ಸುಟ್ಟುಕೊಂಡ ಮಗನಿಗೆ ಇನ್ನೊಂದು ಅಂಗಡಿ ಇಟ್ಟುಕೊಡುತ್ತೇವೆ. ಇವನಿಗೂ ಅಷ್ಟೇ ಗಡುವು ಕೊಡಿ, ಹೇಳಿ ಕೊಡಿ. ಕೊಡದಿದ್ದರೆ ಅವನು ಹೇಳದೆ ಹೋಗ್ತಾನೆ, ಆಗ ಎಲ್ಲಿದ್ದಾನೆ, ಯಾರ ಕೈಗೆ ಸಿಕ್ಕಿದ್ದಾನೆ ಎಂಬುದೂ ನಿಮಗೆ ಗೊತ್ತಿರುವುದಿಲ್ಲ.

ಹುಡುಗ ಬಿ.ಕಾಂಗೆ ಸೇರಿದ್ದಾನೆ. ಸಂಜೆ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ, ಅದಕ್ಕೆ ಉಪ್ಪ ತಿಂಗಳಿಗೆ ಇಷ್ಟು ಅಂತ ಸಂಬಳ ಕೊಡ್ತಾರೆ, ಅದು ಅವನ ಹೆಗ್ಗೋಡಿನ ಖರ್ಚಿಗೆ ಜಮೆ. ಈ ಒಪ್ಪಂದ ನನ್ನ ಮುಂದೆಯೇ ಆಯಿತು. ಹಾಜಿಯವರು ಮನಸ್ಸಿನಿಂದ ಒಪ್ಪಿದ್ದಾರೆ ಅಂತ ನಾನು ಹೇಳಲಾರೆ. ಮೊನ್ನೆ ಜುಮಾ ಮುಗಿಸಿ ಬರುವಾಗ ಮಾತ್ರ ಮೆಲ್ಲಗೆ ಕೇಳಿದರು: "ಆ ಹೆಗ್ಗೋಡು ಅಂತಾನಲ್ಲ ಉಸ್ತಾದರೇ, ಅಲ್ಲಿ ಊಟ ಹೇಗಂತೆ?"