ಸಮುದ್ರಕ್ಕೆ ಟಿಕೀಟಿಲ್ಲ

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ಮಾತು ಹಣವಂತರ ಬಾಯಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ಉದ್ಯಾನಕ್ಕೆ ಬೇಲಿ ಹಾಕುವಾಗ, ನದಿಯ ದಂಡೆಗೆ ಗೇಟು ಕೂಡಿಸುವಾಗ, ಜನರ ಜಾಗವನ್ನು ಕಂತ್ರಾಟುದಾರನಿಗೆ ಒಪ್ಪಿಸುವಾಗ ಈ ಮಾತನ್ನೇ ಮುಂದೆ ಮಾಡುತ್ತಾರೆ. ಈ ಮಾತು ಎಷ್ಟು ಪೊಳ್ಳೆಂಬುದನ್ನು ತಿಳಿಯಲು ಈ ವಾರ ನಮ್ಮ ಓದುಗರು ನಮ್ಮೊಡನೆ ಭೂಮಿಯ ಆಚೆಯ ಮಗ್ಗುಲಿಗೆ ಬರಬೇಕು. ನಾವು ಹೇಳಹೊರಟಿರುವುದು ಮೆಕ್ಸಿಕೋ ದೇಶದ ಅಕಪುಲ್ಕೋ ಪಟ್ಟಣದ ಸಂಗತಿ.

ಅಕಪುಲ್ಕೋ ಪೆಸಿಫಿಕ್ ಸಾಗರದ ದಂಡೆಯ ಮೇಲಿದೆ. ಕುದುರೆ ಲಾಳದ ಆಕಾರದ ಕೊಲ್ಲಿ, ಅದರ ಸುತ್ತ ಗುಡ್ಡ, ಗುಡ್ಡದ ಬುಡದಲ್ಲಿ ಬಿಳಿ ಹೋಟೆಲುಗಳ ಸಾಲು. ಒಂದು ಕಾಲಕ್ಕೆ ಹಾಲಿವುಡ್ಡಿನ ನಟನಟಿಯರೂ ಅಮೆರಿಕದ ಕೋಟ್ಯಧೀಶರೂ ಬಂದು ಬಿಸಿಲು ಕಾಯಿಸಿಕೊಂಡು ಹೋಗುತ್ತಿದ್ದ ಊರು ಅದು. ಅಂಥ ಊರಿನಲ್ಲಿ ಜೇಬು ಖಾಲಿಯಿರುವವನಿಗೆ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಕೆಲಸ ಬಹಳವಿದೆ ಎಂಬುದೇ ನಮ್ಮ ಉತ್ತರ.

ಮೊದಲನೆಯದು ಸಮುದ್ರ. ಮೆಕ್ಸಿಕೋದ ಕಾನೂನಿನಲ್ಲಿ ಕಡಲತೀರ ಯಾರ ಸ್ವಂತ ಸೊತ್ತೂ ಅಲ್ಲ. 1917ರ ರಾಜ್ಯಾಂಗದ 27ನೆಯ ವಿಧಿ ನೆಲಜಲಗಳ ಮೂಲ ಒಡೆತನ ರಾಷ್ಟ್ರದ್ದೆಂದು ಸಾರಿತು. ತೀರವನ್ನು ಹೊಂದಿಕೊಂಡಿರುವ 20 ಮೀಟರ್ ಅಗಲದ ಪಟ್ಟಿಯೂ ಕೇಂದ್ರ ಸರಕಾರದ್ದು. ಹೋಟೆಲಿನವನಿಗೆ ಅದನ್ನು ಬಳಸುವ ಪರವಾನಿಗೆ ಸಿಕ್ಕಬಹುದು, ಅದರ ಕ್ರಯಪತ್ರ ಸಿಕ್ಕುವುದಿಲ್ಲ. ಆದ್ದರಿಂದ ಕೂಲಿಗಾರನ ಹೆಂಡತಿಮಕ್ಕಳು ಬುತ್ತಿಯ ಗಂಟು ಹಿಡಿದು ದೊಡ್ಡ ಹೋಟೆಲಿನ ಎದುರಿನ ಮರಳಿನ ಮೇಲೆಯೇ ಕುಳಿತರೂ ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ. ಕುರ್ಚಿಗೆ ಬಾಡಿಗೆ ಉಂಟು, ನೆರಳಿಗೆ ಬಾಡಿಗೆ ಉಂಟು, ಮರಳಿಗೆ ಬಾಡಿಗೆ ಇಲ್ಲ. ಹಳೆಯ ಪಟ್ಟಣದ ಕಡೆಗಿರುವ ಕಾಲೇತಾ, ಕಾಲೇತಿಯಾ ಎಂಬ ಅವಳಿ ತೀರಗಳಲ್ಲಿ ಅಲೆ ಸಣ್ಣದು, ಮಕ್ಕಳು ಈಜಲು ತಕ್ಕದ್ದು. ಬೆಳಗಿನ ಹೊತ್ತು ಅಲ್ಲಿ, ಮಧ್ಯಾಹ್ನದ ಮೇಲೆ ಓರ್ನೋಸ್ ತೀರದಲ್ಲಿ ಎಂಬುದು ಹಳಬರ ರೂಢಿ. ಪಟ್ಟಣದ ಹೊರಗಿನ ಪಿಯೆ ದೆ ಲಾ ಕುಯೆಸ್ತಾ ತೀರ ಸೂರ್ಯಾಸ್ತಕ್ಕೆ ಹೆಸರಾದದ್ದು. ಅಲ್ಲಿ ಸೆಳೆತ ಬಲವಾದ್ದರಿಂದ ನೀರಿಗಿಳಿಯದೆ ದಂಡೆಯಲ್ಲಿ ಕುಳಿತು ನೋಡುವುದೇ ಬುದ್ಧಿವಂತಿಕೆ.

ಎರಡನೆಯದು ಊರ ನಡುವಿನ ಚೌಕ. ಅದಕ್ಕೆ ಹೆಸರು ಹ್ವಾನ್ ಆಲ್ವಾರೆಸನದು. ಅವನು ಆ ಸೀಮೆಯಲ್ಲೇ ಹುಟ್ಟಿ, ಸ್ಪೇನಿನ ವಿರುದ್ಧ ಹೋರಾಡಿ, 1855ರಲ್ಲಿ ದೇಶದ ಅಧ್ಯಕ್ಷನಾದವನು. ದೊಡ್ಡ ಮರಗಳ ನೆರಳಿನಲ್ಲಿ ಕಲ್ಲುಬೆಂಚುಗಳಿವೆ, ಎದುರಿಗೆ ನೀಲಿ ಹಳದಿ ಗುಮ್ಮಟಗಳ ದೇವಾಲಯವಿದೆ. ಕೂಡಲು ಕಾಸಿಲ್ಲ, ಹರಟೆ ಹೊಡೆಯಲು ಕಾಸಿಲ್ಲ. ಅಲ್ಲಿಂದ ಗುಡ್ಡ ಹತ್ತಿದರೆ ಲಾ ಕೆಬ್ರಾದಾ ಎಂಬ ಕೊರಕಲು. ಸುಮಾರು 35 ಮೀಟರ್ ಎತ್ತರದ ಬಂಡೆಯಿಂದ ಇಕ್ಕಟ್ಟಾದ ನೀರಿಗೆ ಧುಮುಕುವ ಗಂಡುಗಳ ಸಾಹಸವನ್ನು 1934ರಿಂದ ಜನ ಅಲ್ಲಿ ನೋಡುತ್ತ ಬಂದಿದ್ದಾರೆ. ಅಲೆ ಒಳನುಗ್ಗುವ ಗಳಿಗೆ ನೋಡಿ ಹಾರಬೇಕು. ಲೆಕ್ಕ ತಪ್ಪಿದರೆ ನೀರು ಸಾಲದೆ ಬಂಡೆ ತಾಗುತ್ತದೆ. ಹತ್ತಿರದಿಂದ ನೋಡುವ ಕಟ್ಟೆಗೆ ಟಿಕೀಟಿದೆ. ಹೊಟ್ಟೆಪಾಡಿಗೆ ಜೀವ ಪಣವಿಡುವವರಿಗೆ ಆ ಹಣ ಸಲ್ಲಬೇಕಾದದ್ದೇ. ಆದರೆ ಸ್ವಲ್ಪ ದೂರದಲ್ಲೇ "ಸಮುದ್ರದ ಸ್ವರಮೇಳ" ಎಂಬ ಅರ್ಥದ ಹೆಸರಿನ ಬಯಲು ರಂಗಮಂದಿರವಿದೆ. ಅದರ ಮೆಟ್ಟಿಲುಗಳ ಮೇಲೆ ಕುಳಿತು ಸಂಜೆಯ ಸೂರ್ಯ ಸಾಗರದಲ್ಲಿ ಮುಳುಗುವುದನ್ನು ನೋಡಲು ಯಾರೂ ದುಡ್ಡು ಕೇಳುವುದಿಲ್ಲ.

ಮೂರನೆಯದನ್ನು ನಾವು ವಿಶೇಷವಾಗಿ ಹೇಳಬೇಕು. ಗುಡ್ಡದ ಮೇಲಿನ ಒಂದು ಓಣಿಯಲ್ಲಿ ಒಂದು ಮನೆಯ ಹೊರಗೋಡೆಯ ಮೇಲೆ ಹಾವಿನ ರೂಪದ ಪುರಾತನ ದೇವತೆ ಮೈಚಾಚಿದ್ದಾನೆ. ಬಣ್ಣದ ಹೆಂಚಿನ ಚೂರು, ಚಿಪ್ಪು, ಕಲ್ಲುಗಳಿಂದ ಅದನ್ನು ಕೂಡಿಸಿದವನು ದಿಯೆಗೋ ರಿವೇರಾ. 1957ರಲ್ಲಿ ತೀರಿಕೊಂಡ ಈ ಮಹಾಚಿತ್ರಕಾರ ತನ್ನ ಕೊನೆಯ ದಿನಗಳಲ್ಲಿ ಗೆಳತಿ ದೊಲೋರೆಸ್ ಒಲ್ಮೆದೋಳ ಮನೆಯಲ್ಲಿದ್ದು ಇದನ್ನು ಮಾಡಿದ. ಚಿತ್ರವನ್ನು ಕೋಣೆಯೊಳಗೆ ಬೀಗ ಹಾಕಿಡದೆ ದಾರಿಹೋಕನ ಕಣ್ಣಿಗೆ ಬೀಳುವಂತೆ ಗೋಡೆಗೆ ತಂದದ್ದು ಅವನ ಜೀವಮಾನದ ತತ್ತ್ವ. ಲಕ್ಷಾಧೀಶರು ಹರಾಜಿನಲ್ಲಿ ಕೊಳ್ಳುವ ಕಲಾವಿದನ ಕೃತಿಯನ್ನು ಹಮಾಲಿ ಮೂಟೆ ಇಳಿಸಿ ನಿಂತು ಬೀದಿಯಲ್ಲಿ ನೋಡಬಹುದು. ಇದಕ್ಕಿಂತ ದೊಡ್ಡ ಪುಕ್ಕಟೆ ಯಾವುದು?

ಇನ್ನು ಸಾನ್ ದಿಯೆಗೋ ಕೋಟೆ. ಐದು ಮೂಲೆಗಳ ಈ ಕೋಟೆಯನ್ನು ಸ್ಪೇನಿನವರು ತಮ್ಮ ಹಡಗುಗಳ ಕಾವಲಿಗೆಂದು ಕಟ್ಟಿದರು. 1565ರಿಂದ 1815ರವರೆಗೆ, ಎರಡೂವರೆ ಶತಮಾನ, ಮನಿಲಾದಿಂದ ಅಕಪುಲ್ಕೋಗೆ ಅವರ ಹಡಗುಗಳು ಬರುತ್ತಿದ್ದವು. ಚೀನದ ರೇಷ್ಮೆ, ಸಾಂಬಾರ ಪದಾರ್ಥಗಳ ಜೊತೆಗೆ ನಮ್ಮ ದೇಶದ ನೇಕಾರರ ಹತ್ತಿಬಟ್ಟೆಯೂ ಅಲ್ಲಿ ಇಳಿಯುತ್ತಿತ್ತು. ಬಟ್ಟೆ ಮಾತ್ರವಲ್ಲ, ಮನುಷ್ಯರೂ ಇಳಿದರು. ಮಿರ್ರಾ ಎಂಬ ಭಾರತದ ಹುಡುಗಿಯೊಬ್ಬಳು ಪೋರ್ಚುಗೀಸ್ ಕಳ್ಳರ ಕೈಗೆ ಸಿಕ್ಕಿ, ಕೊಚ್ಚಿ ಮನಿಲಾಗಳ ಮೂಲಕ ಗುಲಾಮಳಾಗಿ ಈ ಬಂದರಿಗೆ ಬಂದಳು. ಕತರೀನಾ ದೆ ಸಾನ್ ಹ್ವಾನ್ ಎಂಬ ಹೆಸರಿನಿಂದ ಬಾಳಿ 1688ರಲ್ಲಿ ಪುಯೆಬ್ಲಾ ನಗರದಲ್ಲಿ ಕಣ್ಣುಮುಚ್ಚಿದಳು. ಅಕಪುಲ್ಕೋದ ಅಂಗಡಿಗಳಲ್ಲಿ ಇಂದಿಗೂ ಹುಣಸೆಯ ಮಿಠಾಯಿ ಮಾರುತ್ತಾರೆ. ಅದಕ್ಕೆ ಅವರು ಹೇಳುವ ತಮರಿಂದೋ ಎಂಬ ಹೆಸರಿನೊಳಗೆ "ಹಿಂದ್" ಅಡಗಿ ಕುಳಿತಿದೆ. ನಮ್ಮ ಸಾರಿಗೆ ಖಾರ ಕೊಡುವ ಮೆಣಸಿನಕಾಯಿಯ ತವರು ಮೆಕ್ಸಿಕೋ ಎಂಬುದನ್ನೂ ಜೊತೆಗೆ ನೆನೆಯೋಣ. ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಲ್ಲಿ ಭಾನುವಾರ ದೇಶವಾಸಿಗಳಿಗೆ ಪ್ರವೇಶ ಉಚಿತ. ಕೂಲಿಗಾರನಿಗೆ ಬಿಡುವಿರುವ ದಿನವೇ ಬಾಗಿಲು ತೆರೆಯುವುದು ವಿವೇಕದ ಏರ್ಪಾಡು.

ಇಷ್ಟನ್ನು ಕೇಳಿ, ಪುಣ್ಯವಂತರು, ಅವರಿಗೆ ಎಲ್ಲವೂ ತಾನಾಗಿ ಒದಗಿದೆ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ತಾನಾಗಿ ಒದಗಿದ್ದು ಸಮುದ್ರ ಮತ್ತು ಸೂರ್ಯ ಮಾತ್ರ. ಮಿಕ್ಕದ್ದನ್ನೆಲ್ಲ ಜನ ಗಳಿಸಬೇಕಾಯಿತು.

ನೂರು ವರ್ಷಗಳ ಹಿಂದೆ ಈ ಬಂದರು ಮೂರು ಸ್ಪೇನ್ ವರ್ತಕ ಮನೆತನಗಳ ಮುಷ್ಟಿಯಲ್ಲಿತ್ತು. ದೋಣಿ ಅವರದು, ಉಗ್ರಾಣ ಅವರದು, ಸಗಟು ವ್ಯಾಪಾರ ಅವರದು, ಧಾರಣೆ ಅವರು ಹೇಳಿದ್ದು. ಹಮಾಲಿಗೆ ಅವರು ಕೊಟ್ಟದ್ದೇ ಕೂಲಿ, ಸಣ್ಣ ಅಂಗಡಿಕಾರನಿಗೆ ಅವರು ಬಿಟ್ಟದ್ದೇ ಲಾಭ. ಗುಡ್ಡ ಸೀಳಿ ರಾಜಧಾನಿಗೆ ರಸ್ತೆಯಾದರೆ ತಮ್ಮ ಹಿಡಿತ ಸಡಿಲುವುದೆಂದು ರಸ್ತೆಯೂ ಅವರಿಗೆ ಬೇಡವಾಗಿತ್ತು. 1919ರಲ್ಲಿ ಹ್ವಾನ್ ಎಸ್ಕುದೇರೋ ಎಂಬ ತರುಣ ಅಕಪುಲ್ಕೋ ಕಾರ್ಮಿಕ ಪಕ್ಷವನ್ನು ಕಟ್ಟಿದ. ನಮ್ಮ ಎಂ. ಎನ್. ರಾಯರು ಅದೇ ವರ್ಷ ರಾಜಧಾನಿಯಲ್ಲಿ ಮೆಕ್ಸಿಕೋದ ಕಮ್ಯುನಿಸ್ಟ್ ಪಕ್ಷದ ಸ್ಥಾಪನೆಗೆ ಕೈಹಾಕಿದ್ದರು. ಎಸ್ಕುದೇರೋ ಒಂದು ಪತ್ರಿಕೆ ಹೊರಡಿಸಿದ, ಎಂಟು ಗಂಟೆಯ ದುಡಿಮೆ ಕೇಳಿದ, ನ್ಯಾಯವಾದ ಕೂಲಿ ಕೇಳಿದ, ರಸ್ತೆ ಕೇಳಿದ. ಜನ ಅವನನ್ನು ನಗರಸಭೆಯ ಅಧ್ಯಕ್ಷನನ್ನಾಗಿ ಆರಿಸಿದರು. 1922ರಲ್ಲಿ ಗುಂಡು ತಿಂದು ಅರ್ಧ ಮೈ ಸ್ವಾಧೀನ ತಪ್ಪಿದರೂ ಅವನು ಕೆಲಸ ಬಿಡಲಿಲ್ಲ. 1923ರ ಡಿಸೆಂಬರಿನಲ್ಲಿ ಅವನನ್ನೂ ಅವನ ಇಬ್ಬರು ಸೋದರರನ್ನೂ ಗುಂಡಿಟ್ಟು ಕೊಂದರು. ರಸ್ತೆ 1927ರಲ್ಲಿ ಬಂತು. ಇಂದು ಪ್ರವಾಸಿಗಳು ಮೋಟಾರಿನಲ್ಲಿ ಇಳಿದು ಬರುವ ದಾರಿಗೆ ಮೊದಲ ಕಲ್ಲನ್ನಿಟ್ಟವರು ಬಂದರಿನ ಹಮಾಲರು ಎಂದರೆ ಅತಿಶಯೋಕ್ತಿಯಲ್ಲ.

ದಾರಿ ಬಂದ ಮೇಲೆ ಹಣವೂ ಬಂತು. 1946ರಿಂದ 1952ರವರೆಗೆ ಅಧ್ಯಕ್ಷನಾಗಿದ್ದ ಮಿಗೆಲ್ ಅಲೆಮಾನ್ ಅಕಪುಲ್ಕೋವನ್ನು ವಿಹಾರಪಟ್ಟಣವಾಗಿ ಬೆಳೆಸಿದ. ತೀರದ ಹೆದ್ದಾರಿಗೆ ಅವನದೇ ಹೆಸರು. ಆ ಕಾಲದಲ್ಲಿ ಕೊಲ್ಲಿಯ ಸುತ್ತಲಿನ ರೈತರ ಸಾಮುದಾಯಿಕ ಭೂಮಿಯನ್ನು ಪ್ರವಾಸೋದ್ಯಮದ ಹೆಸರಿನಲ್ಲಿ ಕಿತ್ತುಕೊಂಡರು. ಹೋಟೆಲು ಕಟ್ಟಿದ ಗಾರೆಯವರೂ, ಹಾಸಿಗೆ ಹಾಸುವ ಹೆಂಗಸರೂ, ಎಂಜಲೆತ್ತುವ ಹುಡುಗರೂ ಇರಲು ಜಾಗವಿಲ್ಲದೆ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡರು. 1980ರಲ್ಲಿ ಆ ಗುಡ್ಡವನ್ನು ಎಲ್ ವೆಲಾದೆರೋ ರಾಷ್ಟ್ರೀಯ ಉದ್ಯಾನವೆಂದು ಸಾರಿ, ಗುಡಿಸಲಿನವರನ್ನು ಗುಡ್ಡದ ಹಿಂದೆ, ಸಮುದ್ರ ಕಾಣದ ಕಡೆಗೆ ಸಾಗಿಸಿದರು. ಆ ಹೊಸ ಬಡಾವಣೆಗೆ ಇಟ್ಟ ಹೆಸರು "ಪುನರ್ಜನ್ಮ" ಎಂಬ ಅರ್ಥದ್ದು! ಇಲ್ಲಿ ನಾವೊಂದು ಪ್ರಶ್ನೆ ಕೇಳಲೇಬೇಕು. ಗುಡ್ಡದ ಮೇಲಿನ ನೋಟ ಈಗ ಎಲ್ಲರಿಗೂ ಪುಕ್ಕಟೆ. ಆದರೆ ಆ ಪುಕ್ಕಟೆಗೆ ಬೆಲೆ ತೆತ್ತವರು ಯಾರು? ಬಡವನನ್ನು ಎಬ್ಬಿಸಿ ಮಾಡಿದ ಉದ್ಯಾನಕ್ಕೂ ಬಡವನಿಗಾಗಿ ಮಾಡಿದ ಉದ್ಯಾನಕ್ಕೂ ವ್ಯತ್ಯಾಸ ಕಾಣದವನು ಸಮಾಜವಾದದ ಹೆಸರೆತ್ತಬಾರದು.

ಕಾನೂನಿದ್ದ ಮಾತ್ರಕ್ಕೆ ತೀರವೂ ತೆರೆದುಕೊಳ್ಳಲಿಲ್ಲ. ಮರಳು ಜನರದಾದರೂ ಮರಳಿಗೆ ಹೋಗುವ ಓಣಿ ಹೋಟೆಲಿನವನದಾದರೆ ಏನು ಪ್ರಯೋಜನ? ಮೆಕ್ಸಿಕೋದ ಅನೇಕ ತೀರಗಳಲ್ಲಿ ಗೋಡೆ, ಗೇಟು, ಪಹರೆಯವರು ಎದ್ದು ನಿಂತರು. ಈ ಬಗ್ಗೆ ದೂರುಗಳು ಬಹಳವಾದ ಮೇಲೆ 2020ರ ಅಕ್ಟೋಬರಿನಲ್ಲಿ ಕಾಯಿದೆಯನ್ನು ತಿದ್ದಿದರು. ಸಾರ್ವಜನಿಕ ದಾರಿ ಇಲ್ಲದ ಕಡೆ ಪಕ್ಕದ ಜಮೀನಿನವನೇ ತೀರಕ್ಕೆ ದಾರಿ ಬಿಡಬೇಕು. ಅಡ್ಡಗಟ್ಟಿದವನಿಗೆ ಆ ವರ್ಷದ ಲೆಕ್ಕದಲ್ಲಿ ಸುಮಾರು 2 ಲಕ್ಷ 60 ಸಾವಿರ ಪೆಸೋದಿಂದ 10 ಲಕ್ಷ ಮೀರುವವರೆಗೆ ದಂಡ. ರಾಜ್ಯಾಂಗ ಬಂದು 103 ವರ್ಷಗಳ ಮೇಲೆ ಒಂದು ಓಣಿಗಾಗಿ ಮತ್ತೆ ಕಾನೂನು ಬರೆಯಬೇಕಾಯಿತು ಎಂಬುದನ್ನು ಓದುಗರು ಗಮನಿಸಬೇಕು.

ಓಣಿ ತೆರೆದರೂ ಸಾಲದು, ಬಿಡುವು ಬೇಕು. ಅದೇ 1917ರ ರಾಜ್ಯಾಂಗದ 123ನೆಯ ವಿಧಿ ಎಂಟು ಗಂಟೆಯ ದಿನವನ್ನೂ ಆರು ದಿನ ದುಡಿದರೆ ಒಂದು ದಿನದ ವಿಶ್ರಾಂತಿಯನ್ನೂ ಕೊಟ್ಟಿತು. ಆದರೆ ವರ್ಷದ ಸಂಬಳಸಹಿತ ರಜೆ, ಮೊದಲ ವರ್ಷ ಮುಗಿಸಿದವನಿಗೆ, ಬಹುಕಾಲ ಬರೀ 6 ದಿನವಾಗಿತ್ತು. ಅದು 12 ದಿನವಾದದ್ದು 2023ರ ಜನವರಿಯಿಂದ. ರಾಜಧಾನಿಯಿಂದ ಅಕಪುಲ್ಕೋಗೆ ನಾನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. 1993ರಲ್ಲಿ ತೆರೆದ ಹೊಸ ಹೆದ್ದಾರಿಗೆ ಸುಂಕ ಕಟ್ಟಬೇಕು, ಹಳೆಯ ದಾರಿಗೆ ಸುಂಕವಿಲ್ಲ, ಆದರೆ ಹೊತ್ತು ಹೆಚ್ಚು. ದುಡ್ಡಿದ್ದವನು ಹೊತ್ತನ್ನು ಕೊಳ್ಳುತ್ತಾನೆ, ದುಡ್ಡಿಲ್ಲದವನು ಹೊತ್ತನ್ನು ತೆರುತ್ತಾನೆ. ರಜೆಯ ದಿನ ಹೆಚ್ಚದೆ ಅವನಿಗೆ ಸಮುದ್ರ ಎಷ್ಟು ಪುಕ್ಕಟೆಯಾದರೂ ಅದು ಗೋಡೆಯ ಮೇಲಿನ ಕ್ಯಾಲೆಂಡರಿನ ಚಿತ್ರವೇ ಸರಿ. ಗಿರಣಿಯ ಭೋಂಗಾ ಕೇಳಿ ಏಳುವವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

2023ರ ಅಕ್ಟೋಬರ್ 25ರಂದು ಓಟಿಸ್ ಎಂಬ ಚಂಡಮಾರುತ, ಐದನೆಯ ದರ್ಜೆಯದು, ಅಕಪುಲ್ಕೋದ ಮೇಲೆ ಬಿತ್ತು. ಒಂದೇ ರಾತ್ರಿಯಲ್ಲಿ ಹೋಟೆಲುಗಳ ಗಾಜೆಲ್ಲ ಉದುರಿ ಅಸ್ಥಿಪಂಜರಗಳು ನಿಂತವು. ಸತ್ತವರು 50ಕ್ಕೆ ಮೇಲೆ. 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ಬಿರುಗಾಳಿಮಳೆ ಊರನ್ನು ಮುಳುಗಿಸಿತು. ಇದರ ಮೇಲೆ ಪುಂಡರ ತಂಡಗಳು ಸಣ್ಣ ಅಂಗಡಿಗಳವರಿಂದಲೂ ಟ್ಯಾಕ್ಸಿಯವರಿಂದಲೂ ಹಫ್ತಾ ವಸೂಲು ಮಾಡುವ ಪಿಡುಗು ಬೇರೆ. ಅಲ್ಲಿ ಪುಕ್ಕಟೆ ಏನಿದೆ ಎಂದು ಹೋಗುವವನು ಅಲ್ಲಿ ಬಾಳುವವರು ಏನೇನು ತೆರುತ್ತಿದ್ದಾರೆಂಬುದನ್ನೂ ತಿಳಿದಿರಬೇಕು. ಮರಳಿನ ಮೇಲೆ ತೆಂಗಿನಕಾಯಿಯ ಮಿಠಾಯಿ ಹೊತ್ತು ತರುವ ಹೆಂಗಸಿನಿಂದ ಒಂದು ತುಂಡು ಕೊಂಡರೆ ಅದು ದಾನವಲ್ಲ, ವ್ಯಾಪಾರ.

ಪುಕ್ಕಟೆ ಎಂದರೆ ಬೆಲೆಯಿಲ್ಲದ್ದು ಎಂದಲ್ಲ, ಬೆಲೆಯನ್ನು ಎಲ್ಲರೂ ಕೂಡಿ ಮೊದಲೇ ತೆತ್ತದ್ದು ಎಂದು ಅರ್ಥ. ತೆರಿಗೆಯಿಂದ ತೆತ್ತರು, ಚಳವಳಿಯಿಂದ ತೆತ್ತರು, ಎಸ್ಕುದೇರೋ ಪ್ರಾಣದಿಂದ ತೆತ್ತ. ಹಾಗೆ ಒಮ್ಮೆ ತೆತ್ತ ಮೇಲೆ ಗೇಟಿನ ಬಳಿ ಮತ್ತೆ ಕೈಚಾಚುವವನು ಯಾವ ಹಕ್ಕಿನಿಂದ ಚಾಚುತ್ತಾನೆಂದು ಕೇಳುವುದು ಪ್ರಜೆಯ ಕರ್ತವ್ಯ. ಸಾರ್ವಜನಿಕ ದಾರಿಯಲ್ಲಿ ಯಾರೂ ನಡೆಯದಿದ್ದರೆ ಹುಲ್ಲು ಬೆಳೆಯುತ್ತದೆ, ಹುಲ್ಲಿನ ಹಿಂದೆಯೇ ಬೇಲಿ ಬರುತ್ತದೆ. ಆದ್ದರಿಂದ ಓದುಗ ಬಂಧುಗಳೆ, ಜನರದೆಂದು ಕಾನೂನು ಹೇಳಿದ ಜಾಗಕ್ಕೆ ಹೋಗಿರಿ, ಹೆಂಡಿರುಮಕ್ಕಳನ್ನು ಕರೆದುಕೊಂಡು ಹೋಗಿರಿ, ಸಂಕೋಚವಿಲ್ಲದೆ ಕುಳಿತುಕೊಳ್ಳಿರಿ. ಕುಳಿತದ್ದರಿಂದಲೇ ಹಕ್ಕು ಉಳಿಯುತ್ತದೆ.